ತಜ್ಞ ವೈದ್ಯರ ದೈನಂದಿನ ಕೆಲಸದ ಮೌಲ್ಯಮಾಪನ: ಯಾವ ಆಸ್ಪತ್ರೆಗೆ ಯಾವ ವಿಧಾನ?

ಎಂ.ಡಿ. ಅಥವಾ ಎಂ.ಎಸ್. ಪ್ರಾಯೋಗಿಕ ಪರೀಕ್ಷೆಯ ದಿನ ಅಭ್ಯರ್ಥಿಯ ಎದುರು ನಾಲ್ವರು ಪರೀಕ್ಷಕರು ಇರುತ್ತಾರೆ. ರೋಗಿಯ ಹೊಟ್ಟೆಯ ಮೇಲೆ ಕೈ ಇಡುವ ರೀತಿಯಿಂದ ಹಿಡಿದು ಎಕ್ಸ್‌ರೇ ಓದುವ ಕ್ರಮದವರೆಗೆ ಎಲ್ಲವೂ ಅವರ ಕಣ್ಣಿಗೆ ಬೀಳುತ್ತದೆ. ಫಲಿತಾಂಶ ಬಂದು, ಸ್ನಾತಕೋತ್ತರ ಪದವಿ ವೈದ್ಯಕೀಯ ಪರಿಷತ್ತಿನಲ್ಲಿ ದಾಖಲಾದ ಮೇಲೆ ಆ ವೈದ್ಯರು ಮೂವತ್ತು, ಮೂವತ್ತೈದು ವರ್ಷ ಕೆಲಸ ಮಾಡುತ್ತಾರೆ. ಅಷ್ಟು ವರ್ಷಗಳಲ್ಲಿ ಅವರು ರೋಗಿಯನ್ನು ಪರೀಕ್ಷಿಸುವಾಗ ಅದೇ ಶಾಸ್ತ್ರ ಬಲ್ಲ ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡುವ ಸಂದರ್ಭ ಬಹುಮಟ್ಟಿಗೆ ಬರುವುದೇ ಇಲ್ಲ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಲು 30 ಗಂಟೆಗಳ ಸಿಎಂಇ, ಅಂದರೆ ನಿರಂತರ ವೈದ್ಯಕೀಯ ಶಿಕ್ಷಣದ ಅಂಕ ಬೇಕು. ಆ ಅಂಕ ಉಪನ್ಯಾಸಗಳಲ್ಲಿ ಕುಳಿತದ್ದಕ್ಕೆ ಸಿಗುತ್ತದೆ. ವಾರ್ಡಿನಲ್ಲಿ ಮಾಡಿದ ಕೆಲಸದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಹಾಗೆಂದು ತಜ್ಞ ವೈದ್ಯರ ಕೆಲಸವನ್ನು ಯಾರೂ ಅಳೆಯುತ್ತಿಲ್ಲವೆಂದಲ್ಲ. ಖಾಸಗಿ ಆಸ್ಪತ್ರೆಯಲ್ಲಿ ತಿಂಗಳಿಗೆ ಎಷ್ಟು ಓಪಿಡಿ ನೋಡಿದರು, ಎಷ್ಟು ಅಡ್ಮಿಷನ್ ಆಯಿತು, ಎಷ್ಟು ಶಸ್ತ್ರಚಿಕಿತ್ಸೆ ನಡೆಯಿತು ಎಂಬ ಲೆಕ್ಕವಿರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹಾಜರಿಯ ದಾಖಲೆ ಮತ್ತು ಮೇಲಧಿಕಾರಿ ಬರೆಯುವ ವಾರ್ಷಿಕ ವರದಿ ಇರುತ್ತದೆ. ಇವು ವೈದ್ಯರು ಎಷ್ಟು ದುಡಿದರೆಂದು ತಿಳಿಸಬಲ್ಲವೇ ಹೊರತು, ನ್ಯುಮೋನಿಯಾ ರೋಗಿಗೆ ಸರಿಯಾದ ಆಂಟಿಬಯಾಟಿಕ್ ಸರಿಯಾದ ಹೊತ್ತಿಗೆ ಸಿಕ್ಕಿತೇ ಎಂದು ತಿಳಿಸಲಾರವು. ನಾನು ಮೆಡಿಸಿನ್ ವಿಭಾಗದವನು. ಆಸ್ಪತ್ರೆಯ ಗುಣಮಟ್ಟ ಸಮಿತಿಯಲ್ಲಿ ಹಲವು ವರ್ಷ ಕುಳಿತಿದ್ದೇನೆ. ವೈದ್ಯಕೀಯ ಅಧೀಕ್ಷಕರು, ವಿಭಾಗದ ಮುಖ್ಯಸ್ಥರು ಮತ್ತು ಸ್ವಂತ ನರ್ಸಿಂಗ್ ಹೋಮ್ ನಡೆಸುವ ವೈದ್ಯರು ಲಭ್ಯವಿರುವ ವಿಧಾನಗಳಲ್ಲಿ ತಮಗೆ ಹೊಂದುವುದನ್ನು ಆರಿಸಿಕೊಳ್ಳಲು ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಉದ್ದೇಶ ಗೊತ್ತಾಗಲಿ

ವಿಧಾನವನ್ನು ಆರಿಸುವ ಮೊದಲು ಆಸ್ಪತ್ರೆ ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಬೇಕು: ಈ ಮೌಲ್ಯಮಾಪನ ವೈದ್ಯರು ತಮ್ಮ ಕೆಲಸವನ್ನು ತಿದ್ದಿಕೊಳ್ಳಲಿ ಎಂಬುದಕ್ಕೋ, ಅಥವಾ ಅವರಿಗೆ ಯಾವ ಕೆಲಸ ವಹಿಸಬಹುದು, ಗುತ್ತಿಗೆ ಮುಂದುವರಿಸಬಹುದೇ ಎಂದು ತೀರ್ಮಾನಿಸುವುದಕ್ಕೋ? ಎರಡನ್ನೂ ಒಂದೇ ನಮೂನೆಯಲ್ಲಿ ಸಾಧಿಸಲು ಹೊರಟ ಕಡೆಗಳಲ್ಲಿ ಮೊದಲನೆಯ ಉದ್ದೇಶ ಸತ್ತುಹೋಗುವುದನ್ನು ಕಂಡಿದ್ದೇನೆ. ಸಂಬಳ ಕಡಿತವಾದೀತೆಂಬ ಭಯವಿರುವಲ್ಲಿ ಯಾವ ವೈದ್ಯರೂ ತಮ್ಮ ಕಷ್ಟದ ಕೇಸನ್ನು ಚರ್ಚೆಗೆ ತರುವುದಿಲ್ಲ.

ಎರಡನೆಯದು, ಅಳತೆ ಕೆಲಸಕ್ಕೆ ಎಷ್ಟು ಹತ್ತಿರವಿರಬೇಕೆಂಬ ವಿಚಾರ. ಅಮೆರಿಕದ ಜಾರ್ಜ್ ಮಿಲ್ಲರ್ 1990ರಲ್ಲಿ ವೈದ್ಯರ ಸಾಮರ್ಥ್ಯವನ್ನು ಪಿರಮಿಡ್ಡಿನಂತೆ ನಾಲ್ಕು ಹಂತಗಳಲ್ಲಿ ವಿವರಿಸಿದರು: ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ಮತ್ತು ತುದಿಯಲ್ಲಿ ನಿಜವಾದ ಕೆಲಸದಲ್ಲಿ ಮಾಡುವುದು. ಲಿಖಿತ ಪರೀಕ್ಷೆ ಕೆಳಗಿನ ಎರಡು ಹಂತಗಳನ್ನು ಮುಟ್ಟುತ್ತದೆ, ಪ್ರಾಯೋಗಿಕ ಪರೀಕ್ಷೆ ಮೂರನೆಯದನ್ನು. ತಜ್ಞ ವೈದ್ಯರ ವಿಚಾರದಲ್ಲಿ ನಮಗೆ ಬೇಕಾದದ್ದು ನಾಲ್ಕನೆಯದು.

‘ಅನುಭವಿ ವೈದ್ಯರಿಗೆ ತಮ್ಮ ಕೊರತೆ ತಮಗೇ ಗೊತ್ತಿರುತ್ತದೆ’ ಎಂಬ ಮಾತನ್ನು ಸಭೆಗಳಲ್ಲಿ ಮೇಲಿಂದ ಮೇಲೆ ಕೇಳುತ್ತೇವೆ. 2006ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅವಲೋಕನವೊಂದು ವೈದ್ಯರ ಸ್ವಯಂ ಅಂದಾಜನ್ನು ಬಾಹ್ಯ ಅಳತೆಯೊಂದಿಗೆ ಇಟ್ಟು ನೋಡಿದ 20 ಹೋಲಿಕೆಗಳನ್ನು ಪರಿಶೀಲಿಸಿತು. ಅವುಗಳಲ್ಲಿ 13ರಲ್ಲಿ ಎರಡರ ನಡುವೆ ಸಂಬಂಧ ಅತ್ಯಲ್ಪವಾಗಿತ್ತು, ಇಲ್ಲವೇ ಇರಲಿಲ್ಲ, ಇಲ್ಲವೇ ತಿರುಗುಮುರುಗಾಗಿತ್ತು. ಅದಕ್ಕೂ ಒಂದು ವರ್ಷ ಮೊದಲು ಪ್ರಕಟವಾದ, 62 ಅಧ್ಯಯನಗಳನ್ನು ಒಟ್ಟುಗೂಡಿಸಿದ ಇನ್ನೊಂದು ಅವಲೋಕನದಲ್ಲಿ ಅರ್ಧಕ್ಕಿಂತ ಹೆಚ್ಚಿನವು, ವೃತ್ತಿಯ ವರ್ಷಗಳು ಹೆಚ್ಚಿದಂತೆ ಚಿಕಿತ್ಸೆಯ ಗುಣಮಟ್ಟ ಇಳಿಯುವುದನ್ನು ಸೂಚಿಸಿದವು. ಹಿರಿಯರಿಗೆ ಅಗೌರವ ತೋರಲು ಇದನ್ನು ಹೇಳುತ್ತಿಲ್ಲ. ನಾನೂ ಆ ಹಿರಿಯರ ಸಾಲಿಗೆ ಸೇರಿದವನು. ಬರೀ ಅನುಭವವನ್ನೇ ಪ್ರಮಾಣಪತ್ರವಾಗಿ ತೆಗೆದುಕೊಳ್ಳಲು ಆಧಾರವಿಲ್ಲವೆಂಬುದನ್ನು ಒಪ್ಪಿಕೊಂಡರೆ ಮಾತ್ರ ಮುಂದಿನ ಹೋಲಿಕೆಗೆ ಅರ್ಥವಿದೆ.

ಕೇಸ್ ಶೀಟೋ, ನೇರ ವೀಕ್ಷಣೆಯೋ

ಅತ್ಯಂತ ಅಗ್ಗದ ಮತ್ತು ಎಲ್ಲರ ಕೈಗೆಟಕುವ ವಿಧಾನ ಕೇಸ್ ಶೀಟ್ ಪರಿಶೀಲನೆ. ರೆಕಾರ್ಡ್ ರೂಮಿನಲ್ಲಿ ಕಾಗದವಿದೆ, ರೋಗಿಗೆ ತೊಂದರೆಯಿಲ್ಲ, ವೈದ್ಯರು ಆ ಹೊತ್ತಿಗೆ ಎದುರಿರಬೇಕಾಗಿಯೂ ಇಲ್ಲ. ಒಂದು ಕಾಯಿಲೆಯನ್ನು ಆರಿಸಿ, ಒಪ್ಪಿತ ಚಿಕಿತ್ಸಾ ಕ್ರಮದಿಂದ ಎಂಟೋ ಹತ್ತೋ ಅಂಶಗಳನ್ನು ಮೊದಲೇ ಬರೆದುಕೊಂಡು, ಒಬ್ಬ ವೈದ್ಯರ ಸತತ ಹತ್ತು ಕೇಸುಗಳಲ್ಲಿ ಅವು ನಡೆದಿವೆಯೇ ಎಂದು ನೋಡಿದರೆ ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯುತ್ತದೆ. ಕೇಸುಗಳು ಸತತವಾಗಿರಬೇಕು. ವೈದ್ಯರೇ ಆರಿಸಿಕೊಟ್ಟ ಕೇಸುಗಳನ್ನು ನೋಡುವುದರಿಂದ ಪ್ರಯೋಜನವಿಲ್ಲ.

ಆದರೆ ಕೇಸ್ ಶೀಟು ಬರೆದದ್ದನ್ನು ಮಾತ್ರ ಹೇಳುತ್ತದೆ. ಒಮ್ಮೆ ಆರು ದಿನ ದಾಖಲಾಗಿದ್ದ ರೋಗಿಯೊಬ್ಬರ ಕೇಸ್ ಶೀಟ್ ನನ್ನ ಮುಂದಿತ್ತು. ಮೊದಲ ದಿನ ಡ್ಯೂಟಿ ಡಾಕ್ಟರ್ ಒಂದೂವರೆ ಪುಟ ಬರೆದಿದ್ದರು. ಎರಡನೆಯ ದಿನದಿಂದ ಐದನೆಯ ದಿನದವರೆಗೆ ತಜ್ಞರ ಟಿಪ್ಪಣಿಯಲ್ಲಿ ಇದ್ದದ್ದು ಸಿ.ಎಸ್.ಟಿ. ಎಂಬ ಮೂರು ಅಕ್ಷರ, ಅಂದರೆ ಇದೇ ಚಿಕಿತ್ಸೆ ಮುಂದುವರಿಯಲಿ ಎಂಬ ಸೂಚನೆ, ಮತ್ತು ಕೆಳಗೊಂದು ಸಹಿ. ಅದೇ ಕಟ್ಟಿನಲ್ಲಿ ಸಿಸ್ಟರ್ ಬರೆದಿದ್ದ ಚಾರ್ಟು ಬೇರೆಯೇ ಕಥೆ ಹೇಳುತ್ತಿತ್ತು: ಮೂರನೆಯ ರಾತ್ರಿ ಜ್ವರ ಏರಿದೆ, ವೈದ್ಯರಿಗೆ ಫೋನ್ ಮಾಡಲಾಗಿದೆ, ರಕ್ತದ ಕಲ್ಚರ್ ಕಳಿಸಿ ಔಷಧ ಬದಲಿಸಲಾಗಿದೆ. ಕಾಗದ ನೋಡಿ ಅಂಕ ಕೊಟ್ಟಿದ್ದರೆ ಆ ವೈದ್ಯರು ತಪ್ಪಿತಸ್ಥರಾಗುತ್ತಿದ್ದರು. ವಾಸ್ತವದಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಸರಿಯಾದ ತೀರ್ಮಾನ ಕೊಟ್ಟಿದ್ದರು. ಆದ್ದರಿಂದ ಕೇಸ್ ಶೀಟ್ ನೋಡುವವರು ತಜ್ಞರ ಟಿಪ್ಪಣಿಯ ಜೊತೆಗೆ ಡ್ರಗ್ ಚಾರ್ಟ್ ಮತ್ತು ನರ್ಸಿಂಗ್ ಟಿಪ್ಪಣಿಗಳನ್ನೂ ಕಡ್ಡಾಯವಾಗಿ ಓದಬೇಕು, ಅನಂತರ ಆ ವೈದ್ಯರೊಂದಿಗೆ ಕುಳಿತು ‘ಇಲ್ಲಿ ಏನು ಯೋಚಿಸಿದಿರಿ?’ ಎಂದು ಕೇಳಬೇಕು. ಈ ಮಾತುಕತೆಯಿಲ್ಲದ ಪರಿಶೀಲನೆ ಬರವಣಿಗೆಯ ಶಿಸ್ತನ್ನು ಅಳೆಯುವಲ್ಲಿಗೆ ನಿಂತುಬಿಡುತ್ತದೆ.

ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗುತ್ತದೆ, ಅದು ಹೆಚ್ಚು ಅಪಾಯಕಾರಿ. ನಮ್ಮ ಮಧುಮೇಹ ಓಪಿಡಿಯ ಮುದ್ರಿತ ಹಾಳೆಯಲ್ಲಿ ‘ಪಾದ ಪರೀಕ್ಷೆ’ ಎಂಬ ಸಾಲಿದೆ, ನಾನು ಅದರ ಮುಂದೆ ‘ಸಾಮಾನ್ಯ’ ಎಂದು ಗುರುತು ಹಾಕುತ್ತಿದ್ದೆ. ನನ್ನ ಕೇಸ್ ಶೀಟುಗಳಿಗೆ ಪೂರ್ಣ ಅಂಕ ಬರುತ್ತಿತ್ತು. ಒಂದು ಬೆಳಿಗ್ಗೆ ಸಹೋದ್ಯೋಗಿಯೊಬ್ಬರು ನನ್ನ ಕೋಣೆಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕುಳಿತು ನಾಲ್ಕು ರೋಗಿಗಳನ್ನು ನಾನು ನೋಡುವುದನ್ನು ನೋಡಿದರು. ನಾಲ್ವರೂ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದವರು. ಬರಿಯ ಪಾದಗಳು ನನ್ನ ಮೇಜಿನ ಕೆಳಗೇ ಇದ್ದವು. ನಾನು ಒಮ್ಮೆಯೂ ಬಗ್ಗಿ ನೋಡಲಿಲ್ಲ, ನಾಲ್ಕು ಬಾರಿಯೂ ‘ಸಾಮಾನ್ಯ’ ಎಂದು ಗುರುತಿಸಿದೆ. ಅವರು ಹೇಳುವವರೆಗೆ ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಎಷ್ಟು ಕೇಸ್ ಶೀಟ್ ತಿರುವಿ ಹಾಕಿದರೂ ಈ ಕೊರತೆ ಹೊರಬರುತ್ತಿರಲಿಲ್ಲ.

ಹೀಗೆ ಪಕ್ಕದಲ್ಲಿ ಕುಳಿತು ನೋಡುವುದಕ್ಕೆ ಸಿದ್ಧ ಸಾಧನಗಳಿವೆ. ಅಮೆರಿಕನ್ ಬೋರ್ಡ್ ಆಫ್ ಇಂಟರ್ನಲ್ ಮೆಡಿಸಿನ್ 1990ರ ದಶಕದಲ್ಲಿ ರೂಪಿಸಿದ ಮಿನಿ-ಸಿಇಎಕ್ಸ್ ಎಂಬ ನಮೂನೆ ತರಬೇತಿಯಲ್ಲಿರುವವರಿಗಾಗಿ ಹುಟ್ಟಿದ್ದಾದರೂ ತಜ್ಞರಿಗೂ ಹೊಂದುತ್ತದೆ: ಹದಿನೈದು ಇಪ್ಪತ್ತು ನಿಮಿಷ ನಿಜವಾದ ರೋಗಿಯೊಂದಿಗಿನ ಭೇಟಿಯನ್ನು ನೋಡುವುದು, ಕೂಡಲೇ ಐದು ಹತ್ತು ನಿಮಿಷ ಮಾತಾಡುವುದು. ಶಸ್ತ್ರಕ್ರಿಯೆ ಮತ್ತಿತರ ಕೈಕೆಲಸಗಳಿಗೆ ಡಾಪ್ಸ್ ಎಂಬ ಇದೇ ಬಗೆಯ ನಮೂನೆಯಿದೆ. ಒಂದೇ ಭೇಟಿಯಿಂದ ತೀರ್ಪು ಕೊಡಬಾರದು, ಏಕೆಂದರೆ ಒಬ್ಬ ವೈದ್ಯರು ಒಂದು ಬಗೆಯ ರೋಗಿಯಲ್ಲಿ ಚುರುಕಾಗಿದ್ದು ಇನ್ನೊಂದರಲ್ಲಿ ಎಡವುವುದು ಸಹಜ. ಬೇರೆ ಬೇರೆ ದಿನ, ಬೇರೆ ಬೇರೆ ವೀಕ್ಷಕರಿಂದ ಆರೇಳು ಭೇಟಿಗಳಾದರೂ ಆಗಬೇಕು. ನೋಡುತ್ತಿದ್ದಾರೆಂದು ಗೊತ್ತಾದಾಗ ನಡವಳಿಕೆ ತಿದ್ದಿಕೊಳ್ಳುತ್ತದೆ ಎಂಬ ಆಕ್ಷೇಪ ನಿಜ. ಆದರೂ ಓಪಿಡಿಯ ಒತ್ತಡದಲ್ಲಿ ಮೂರನೆಯ, ನಾಲ್ಕನೆಯ ರೋಗಿಯ ಹೊತ್ತಿಗೆ ಹಳೆಯ ಅಭ್ಯಾಸ ಮರಳಿ ಬರುತ್ತದೆಂಬುದು ನನ್ನ ಅನುಭವ. ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ನಾನು ನೇರ ವೀಕ್ಷಣೆಯನ್ನು ಆರಿಸುತ್ತೇನೆ.

ಜೊತೆಗೆ ಕೆಲಸ ಮಾಡುವವರು ಮತ್ತು ರೋಗಿಗಳು

ಕೆನಡಾದ ಆಲ್ಬರ್ಟಾ ಪ್ರಾಂತದ ವೈದ್ಯಕೀಯ ಪರಿಷತ್ತು 1999ರಲ್ಲಿ ಆರಂಭಿಸಿದ ಕಾರ್ಯಕ್ರಮದಲ್ಲಿ ಪ್ರತಿ ವೈದ್ಯರ ಬಗ್ಗೆ 8 ಸಹವೈದ್ಯರು, 8 ಇತರ ಸಹೋದ್ಯೋಗಿಗಳು ಮತ್ತು 25 ರೋಗಿಗಳಿಂದ ಪ್ರಶ್ನಾವಳಿ ತುಂಬಿಸಲಾಗುತ್ತಿತ್ತು. ಬ್ರಿಟನ್ನಿನಲ್ಲಿ 2012ರ ಡಿಸೆಂಬರಿನಿಂದ ಜಾರಿಯಲ್ಲಿರುವ ಪರವಾನಗಿ ಮರುಪರಿಶೀಲನೆಯಲ್ಲಿ ವಾರ್ಷಿಕ ಅಪ್ರೈಸಲ್ ಜೊತೆಗೆ ಐದು ವರ್ಷದ ಆವರ್ತದಲ್ಲಿ ಒಮ್ಮೆಯಾದರೂ ಸಹೋದ್ಯೋಗಿಗಳ ಮತ್ತು ರೋಗಿಗಳ ಅಭಿಪ್ರಾಯ ಪಡೆಯಬೇಕು. ಸಂಖ್ಯೆ ಏಕೆ ಮುಖ್ಯವೆಂದರೆ, ಇಬ್ಬರು ಮೂವರ ಅಭಿಪ್ರಾಯ ಸ್ನೇಹವನ್ನೋ ಮುನಿಸನ್ನೋ ತೋರಿಸುತ್ತದೆ. ಸಹವೈದ್ಯರ ಅಭಿಪ್ರಾಯ ನಂಬಲರ್ಹವಾಗಲು ಸುಮಾರು 11 ಮಂದಿ ಬೇಕೆಂದು 1993ರ ಅಮೆರಿಕನ್ ಅಧ್ಯಯನವೊಂದು ಲೆಕ್ಕ ಹಾಕಿತ್ತು.

ಫೋನ್ ಎತ್ತುತ್ತಾರೆಯೇ, ಡ್ಯೂಟಿ ಮುಗಿಸಿ ಹೋಗುವಾಗ ರೋಗಿಗಳ ವಿವರವನ್ನು ಮುಂದಿನವರಿಗೆ ಒಪ್ಪಿಸುವ ಹ್ಯಾಂಡೋವರ್ ಸರಿಯಾಗಿ ಕೊಡುತ್ತಾರೆಯೇ, ಕಿರಿಯರು ಸಂದೇಹ ಎತ್ತಿದಾಗ ಗದರುತ್ತಾರೆಯೇ ಎಂಬಂಥ ವಿಷಯಗಳಲ್ಲಿ ಈ ವಿಧಾನಕ್ಕೆ ಸರಿಸಾಟಿಯಿಲ್ಲ. ರೋಗನಿರ್ಣಯದ ಕೌಶಲವನ್ನು ಅಳೆಯಲು ಇದು ದುರ್ಬಲ. ನಮ್ಮಲ್ಲಿ ಇದಕ್ಕಿಂತ ದೊಡ್ಡ ತೊಡಕೆಂದರೆ ಶ್ರೇಣಿ. ಯೂನಿಟ್ ಚೀಫ್ ಬಗ್ಗೆ ಬರೆಯಿರಿ ಎಂದು ಹೇಳಿ ಫಾರಂ ಕೊಟ್ಟರೆ ಸಿಸ್ಟರ್ ಎಲ್ಲ ಕಾಲಮ್ಮಿಗೂ ಐದಕ್ಕೆ ಐದು ಕೊಟ್ಟು ಮಡಚಿ ಹಿಂದಿರುಗಿಸುತ್ತಾರೆ. ಕೈಬರಹದಿಂದ ಯಾರದೆಂದು ಗೊತ್ತಾಗುತ್ತದೆಂಬ ಅವರ ಭಯ ಸಕಾರಣವಾದದ್ದೇ. ಆದ್ದರಿಂದ ಪ್ರಶ್ನಾವಳಿ ಟಿಕ್ ಹಾಕುವಂಥದ್ದಾಗಿರಲಿ, ಕನ್ನಡದಲ್ಲಿರಲಿ, ಲಕೋಟೆಗಳನ್ನು ಆ ವಿಭಾಗಕ್ಕೆ ಸಂಬಂಧವಿಲ್ಲದವರು ಸಂಗ್ರಹಿಸಲಿ, ಎಂಟು ಉತ್ತರಗಳಿಗಿಂತ ಕಡಿಮೆ ಬಂದರೆ ವರದಿಯನ್ನೇ ತಯಾರಿಸದಿರಲಿ. ಈ ರಕ್ಷಣೆ ಕೊಡಲಾಗದ ಚಿಕ್ಕ ಆಸ್ಪತ್ರೆಗಳು ಈ ವಿಧಾನಕ್ಕೆ ಕೈ ಹಾಕದಿರುವುದೇ ಲೇಸು.

ರೋಗಿಗಳ ಅಭಿಪ್ರಾಯ ವೈದ್ಯರು ವಿವರಿಸಿದ್ದು ಅರ್ಥವಾಯಿತೇ, ಮರ್ಯಾದೆಯಿಂದ ಮಾತಾಡಿದರೇ, ಖರ್ಚನ್ನು ಮೊದಲೇ ತಿಳಿಸಿದರೇ ಎಂಬ ಪ್ರಶ್ನೆಗಳಿಗೆ ಅಮೂಲ್ಯ. ಡಿಸ್ಚಾರ್ಜ್ ಬಿಲ್ಲಿನ ಜೊತೆಗೆ ಕೊಡುವ ಫಾರಮ್ಮಿನಲ್ಲಿ ಅದು ಸಿಗುವುದಿಲ್ಲ. ಅಲ್ಲಿ ಕ್ಯಾಂಟೀನಿನ ಬಗ್ಗೆಯೂ ಲಿಫ್ಟಿನ ಬಗ್ಗೆಯೂ ಬರೆದಿರುತ್ತಾರೆ. ಮನೆಗೆ ಹೋದ ಒಂದು ವಾರದ ನಂತರ, ಅವರ ಭಾಷೆಯಲ್ಲಿ, ಆಸ್ಪತ್ರೆಯ ಚಿಕಿತ್ಸಾ ತಂಡದಲ್ಲಿಲ್ಲದವರೊಬ್ಬರು ಫೋನಿನಲ್ಲಿ ಕೇಳಿದರೆ ಉತ್ತರ ಪ್ರಾಮಾಣಿಕವಾಗಿರುತ್ತದೆ. ಇದರ ಮಿತಿಯನ್ನೂ ನೆನಪಿಡಬೇಕು. 2000ದಲ್ಲಿ 15 ರೋಗಿಗಳ ಕೊಲೆಗಾಗಿ ಶಿಕ್ಷೆಗೊಳಗಾದ ಇಂಗ್ಲೆಂಡಿನ ಕುಟುಂಬ ವೈದ್ಯ ಹೆರಾಲ್ಡ್ ಶಿಪ್‌ಮನ್ ತನ್ನ ರೋಗಿಗಳ ನಡುವೆ ಬಹಳ ಜನಪ್ರಿಯನಾಗಿದ್ದ.

ಫಲಿತಾಂಶದ ಅಂಕಿಗಳು

ರೋಗಿ ಕೊನೆಗೆ ಏನಾದ ಎಂಬುದನ್ನೇ ಲೆಕ್ಕ ಇಡಬೇಕೆಂಬ ವಾದ ಹಳೆಯದು. ಬಾಸ್ಟನ್ನಿನ ಶಸ್ತ್ರಚಿಕಿತ್ಸಕ ಅರ್ನೆಸ್ಟ್ ಕಾಡ್‌ಮನ್ ತಮ್ಮ ಸ್ವಂತ ಚಿಕ್ಕ ಆಸ್ಪತ್ರೆಯಿಂದ 1911ರಿಂದ 1916ರವರೆಗೆ ಬಿಡುಗಡೆಯಾದ 337 ರೋಗಿಗಳಲ್ಲಿ 123 ತಪ್ಪುಗಳನ್ನು ಗುರುತಿಸಿ, ಅವನ್ನು ಅಚ್ಚು ಹಾಕಿಸಿ ಪ್ರಕಟಿಸಿದರು. ಸಹೋದ್ಯೋಗಿಗಳು ಅವರಿಂದ ದೂರ ಸರಿದರು. ನೂರು ವರ್ಷದ ನಂತರವೂ ಅವರ ಪ್ರಶ್ನೆ ಸರಿಯಾದದ್ದೇ.

ಈ ಲೆಕ್ಕ ಇಡದಿದ್ದಾಗ, ಅಥವಾ ಇಟ್ಟರೂ ಯಾರೂ ಓದದಿದ್ದಾಗ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಬ್ರಿಸ್ಟಲ್ ಆಸ್ಪತ್ರೆಯ ಮಕ್ಕಳ ಹೃದಯ ಶಸ್ತ್ರಚಿಕಿತ್ಸಾ ವಿಭಾಗ ಸಾಕ್ಷಿ. ಅಲ್ಲಿನ ಅರಿವಳಿಕೆ ತಜ್ಞ ಸ್ಟೀಫನ್ ಬೋಲ್ಸಿನ್ ಸಾವುಗಳ ಲೆಕ್ಕ ಹಾಕಿ ಎಚ್ಚರಿಸಿದರೂ ವರ್ಷಗಟ್ಟಲೆ ಕ್ರಮವಾಗಲಿಲ್ಲ. ಇಯಾನ್ ಕೆನಡಿ ನೇತೃತ್ವದ ತನಿಖೆಯ 2001ರ ವರದಿಯ ಪ್ರಕಾರ, 1991ರಿಂದ 1995ರ ನಡುವೆ ಅಲ್ಲಿ ಒಂದು ವರ್ಷದೊಳಗಿನ 30ರಿಂದ 35 ಮಕ್ಕಳು ಸಾಮಾನ್ಯ ಮಟ್ಟದ ವಿಭಾಗವೊಂದರಲ್ಲಿ ನಿರೀಕ್ಷಿಸಬಹುದಾಗಿದ್ದುದಕ್ಕಿಂತ ಹೆಚ್ಚಾಗಿ ಸತ್ತಿದ್ದರು.

ಅಂಕಿಗಳನ್ನು ಆಧರಿಸುವ ಮೊದಲು ಎರಡು ವಿಷಯ ಖಚಿತಪಡಿಸಿಕೊಳ್ಳಬೇಕು. ಮೊದಲನೆಯದು ಸಂಖ್ಯೆ ಸಾಕಷ್ಟಿದೆಯೇ ಎಂಬುದು. ಒಬ್ಬ ಶಸ್ತ್ರಚಿಕಿತ್ಸಕರು ಒಂದು ಬಗೆಯ 30 ಶಸ್ತ್ರಚಿಕಿತ್ಸೆ ಮಾಡಿ ಒಂದೂ ಸಾವು ಕಾಣದಿದ್ದರೆ ಸಂತೋಷವೇ. ಆದರೆ ಸಂಖ್ಯಾಶಾಸ್ತ್ರದ ‘ಮೂರರ ನಿಯಮ’ದಂತೆ 3ನ್ನು 30ರಿಂದ ಭಾಗಿಸಿದರೆ, ಅವರ ನಿಜವಾದ ಸಾವಿನ ಪ್ರಮಾಣ ಶೇಕಡಾ 10ರವರೆಗೂ ಇರಬಹುದೆಂಬ ಸಾಧ್ಯತೆಯನ್ನು ಇನ್ನೂ ತಳ್ಳಿಹಾಕಲಾಗದು; ಶೇಕಡಾ 1ಕ್ಕೆ ಇಳಿಸಬೇಕಾದರೆ ಸಾವಿಲ್ಲದ 300 ಶಸ್ತ್ರಚಿಕಿತ್ಸೆಗಳು ಬೇಕು. ಕಣ್ಣಿನ ಪೊರೆ ತೆಗೆಯುವ ತಜ್ಞರಿಗೆ ಇಷ್ಟು ಸಂಖ್ಯೆ ಕೆಲವೇ ತಿಂಗಳಲ್ಲಿ ಸಿಗುತ್ತದೆ. ಆದ್ದರಿಂದ ಪೊರೆಯ ಶಸ್ತ್ರಚಿಕಿತ್ಸೆಯ ತೊಡಕುಗಳನ್ನೂ ನಂತರದ ದೃಷ್ಟಿಯ ಅಳತೆಯನ್ನೂ ವೈದ್ಯರವಾರು ನೋಡುವುದು ಅರ್ಥಪೂರ್ಣ. ವರ್ಷಕ್ಕೆ ಹತ್ತು ಮೇದೋಜೀರಕ ಗ್ರಂಥಿಯ ಶಸ್ತ್ರಚಿಕಿತ್ಸೆ ಮಾಡುವವರ ವಿಚಾರದಲ್ಲಿ ಅದೇ ಲೆಕ್ಕ ಅನ್ಯಾಯವಾಗುತ್ತದೆ.

ಎರಡನೆಯದು, ರೋಗಿಗಳು ಹೋಲಿಸಬಹುದಾದವರೇ ಎಂಬುದು. ಇಬ್ಬರು ಪ್ರಸೂತಿ ತಜ್ಞರ ಸಿಸೇರಿಯನ್ ಪ್ರಮಾಣವನ್ನು ಹಾಗೆಯೇ ಪಕ್ಕಪಕ್ಕ ಇಟ್ಟರೆ, ತಾಲ್ಲೂಕುಗಳಿಂದ ಕಷ್ಟದ ಹೆರಿಗೆಗಳು ರೆಫರ್ ಆಗಿ ಬರುವವರೇ ಕೆಟ್ಟವರಾಗಿ ಕಾಣುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಶಿಫಾರಸು ಮಾಡಿದ ರಾಬ್ಸನ್ ವರ್ಗೀಕರಣ ಎಲ್ಲ ಹೆರಿಗೆಗಳನ್ನೂ ಹತ್ತು ಗುಂಪುಗಳಾಗಿ ವಿಂಗಡಿಸುತ್ತದೆ. ಚೊಚ್ಚಲ, ಪೂರ್ಣಾವಧಿ, ತಲೆ ಕೆಳಗಿರುವ ಒಂದೇ ಶಿಶು, ತಾನಾಗಿ ಆರಂಭವಾದ ನೋವು ಎಂಬ ಮೊದಲ ಗುಂಪನ್ನು ಮಾತ್ರ ಹೋಲಿಸಿದರೂ ಬಹಳಷ್ಟು ತಿಳಿಯುತ್ತದೆ. ಲೇಬರ್ ರೂಮಿನ ರಿಜಿಸ್ಟರಿನಲ್ಲಿ ನಾಲ್ಕಾರು ಕಾಲಂ ಸೇರಿಸಿದರೆ ಸಾಕು, ಸಾಫ್ಟ್‌ವೇರ್ ಬೇಡ.

ಅಂಕಿಗಳನ್ನು ಸಾರ್ವಜನಿಕಗೊಳಿಸುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ನ್ಯೂಯಾರ್ಕ್ ರಾಜ್ಯ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯ ಮಾಹಿತಿಯನ್ನು 1989ರಿಂದ ಸಂಗ್ರಹಿಸತೊಡಗಿ, 1991ರಲ್ಲಿ ಶಸ್ತ್ರಚಿಕಿತ್ಸಕರ ಹೆಸರಿನೊಂದಿಗೆ ಅದು ಪತ್ರಿಕೆಗೆ ಬಂದ ಮೇಲೆ, ಹೆಚ್ಚು ಅಪಾಯದ ರೋಗಿಗಳನ್ನು ವೈದ್ಯರು ನಿರಾಕರಿಸುತ್ತಾರೆಂಬ ಆತಂಕ ಇಂದಿಗೂ ಚರ್ಚೆಯಲ್ಲಿದೆ. ಇದಕ್ಕಿಂತ ಉತ್ತಮ ಮಾದರಿ ಲಂಡನ್ನಿನ ಮಕ್ಕಳ ಹೃದಯ ಶಸ್ತ್ರಚಿಕಿತ್ಸಕ ಮಾರ್ಕ್ ದ ಲೆವಲ್ ಅವರದು. ಅವರು ತಾವೇ ಮಾಡಿದ 104 ನವಜಾತ ಶಿಶುಗಳ ಶಸ್ತ್ರಚಿಕಿತ್ಸೆಗಳ ಸರಣಿಯನ್ನು ಒಂದಾದ ಮೇಲೊಂದರಂತೆ ಗೆರೆಯಾಗಿ ಬರೆದು, ನಡುವೆ ಸಾವುಗಳು ಗುಂಪುಗೂಡಿದ್ದನ್ನು ಗುರುತಿಸಿ, ಬೇರೊಂದು ಕೇಂದ್ರಕ್ಕೆ ಹೋಗಿ ಮರುತರಬೇತಿ ಪಡೆದು, 1994ರಲ್ಲಿ ಅದನ್ನೆಲ್ಲ ಪ್ರಕಟಿಸಿದರು. ಕುಸಮ್ ಎಂಬ ಈ ಸಂಚಿತ ರೇಖಾಚಿತ್ರವನ್ನು ಎಕ್ಸೆಲ್ ಹಾಳೆಯಲ್ಲಿ ಯಾವ ಶಸ್ತ್ರಚಿಕಿತ್ಸಕರೂ ತಾವೇ ಇಟ್ಟುಕೊಳ್ಳಬಹುದು.

ಇನ್ನೆರಡು ವಿಧಾನಗಳು

ಶಸ್ತ್ರಚಿಕಿತ್ಸೆಯ ವಿಡಿಯೋವನ್ನು ಹೆಸರು ಮರೆಮಾಚಿ ಸಹವೃತ್ತಿಯವರಿಗೆ ತೋರಿಸಿ ಅಂಕ ಪಡೆಯುವುದು ಒಂದು. ಅಮೆರಿಕದ ಮಿಷಿಗನ್ನಿನಲ್ಲಿ ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡುವ 20 ತಜ್ಞರ ವಿಡಿಯೋಗಳನ್ನು ಹೀಗೆ ನೋಡಿದ 2013ರ ಅಧ್ಯಯನದಲ್ಲಿ, ಕೌಶಲದ ಅಂಕದಲ್ಲಿ ಕೆಳಗಿನ ಕಾಲು ಭಾಗದವರ ರೋಗಿಗಳಲ್ಲಿ ಶೇಕಡಾ 14.5ರಷ್ಟು ತೊಡಕುಗಳೂ ಮೇಲಿನ ಕಾಲು ಭಾಗದವರಲ್ಲಿ ಶೇಕಡಾ 5.2ರಷ್ಟೂ ಕಂಡುಬಂದವು. ಲ್ಯಾಪ್ರೊಸ್ಕೋಪಿ ಇರುವ ಆಸ್ಪತ್ರೆಗೆ ಹೆಚ್ಚುವರಿ ಖರ್ಚೇ ಇಲ್ಲದ ವಿಧಾನವಿದು. ಕಡಿಮೆ ಸಂಖ್ಯೆಯ ಶಸ್ತ್ರಚಿಕಿತ್ಸಕರಿಗೆ ಸಾವಿನ ಅಂಕಿಗಳಿಗಿಂತ ಎಷ್ಟೋ ನ್ಯಾಯಯುತ.

ತರಬೇತಿ ಪಡೆದ ನಟರನ್ನು ರೋಗಿಗಳಂತೆ ಕಳಿಸುವುದು ಇನ್ನೊಂದು. 2015ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನದಲ್ಲಿ, ಮೊದಲೇ ಒಪ್ಪಿಗೆ ಕೊಟ್ಟಿದ್ದ ವೈದ್ಯರ ಬಳಿ ಹೀಗೆ ನಡೆದ ಕ್ಷಯರೋಗದ 250 ಭೇಟಿಗಳಲ್ಲಿ 52ರಲ್ಲಿ ಮಾತ್ರ ಸರಿಯಾದ ನಿರ್ವಹಣೆ ಕಂಡಿತು; ಕಾಗದದ ಮೇಲೆ ಕೇಳಿದಾಗ ಸರಿ ಉತ್ತರ ಕೊಟ್ಟವರೂ ಕೋಣೆಯಲ್ಲಿ ಹಾಗೆ ಮಾಡಿರಲಿಲ್ಲ. ತಿಳಿದಿರುವುದಕ್ಕೂ ಮಾಡುವುದಕ್ಕೂ ಇರುವ ಅಂತರವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಮತ್ತೊಂದು ಸಾಧನವಿಲ್ಲ. ಆದರೆ ಖರ್ಚು ಮತ್ತು ತಯಾರಿಯ ದೃಷ್ಟಿಯಿಂದ ಇದು ಸಂಶೋಧನೆಗೆ ತಕ್ಕದ್ದು, ಒಂಟಿ ಆಸ್ಪತ್ರೆಗಲ್ಲ.

ಆಯ್ಕೆ

ಮೂವತ್ತು ನಲವತ್ತು ಹಾಸಿಗೆಯ ತಾಲ್ಲೂಕು ಮಟ್ಟದ ನರ್ಸಿಂಗ್ ಹೋಮಿನಲ್ಲಿ ಒಂದೊಂದು ವಿಭಾಗಕ್ಕೆ ಒಬ್ಬರೇ ತಜ್ಞರಿರುತ್ತಾರೆ. ಅಲ್ಲಿ ಪಕ್ಕದ ಊರಿನ ಅದೇ ವಿಭಾಗದ ವೈದ್ಯರೊಂದಿಗೆ ಜೋಡಿಯಾಗಿ, ರೋಗಿಯ ಹೆಸರು ಮರೆಮಾಚಿದ ಹತ್ತು ಕೇಸ್ ಶೀಟುಗಳನ್ನು ಆರು ತಿಂಗಳಿಗೊಮ್ಮೆ ಬದಲಾಯಿಸಿಕೊಂಡು ಓದುವುದೇ ಸಾಧ್ಯವಾದ ಮತ್ತು ಸಾಕಾದ ಆರಂಭ. ಪ್ರಸೂತಿ ತಜ್ಞರಿದ್ದರೆ ರಾಬ್ಸನ್ ಪಟ್ಟಿಯನ್ನು ಸೇರಿಸಿಕೊಳ್ಳಲಿ.

ಜಿಲ್ಲಾ ಆಸ್ಪತ್ರೆಯಲ್ಲಿ ತಾಯಿ ಮರಣದ ಪರಿಶೀಲನೆ ಈಗಾಗಲೇ ನಡೆಯುತ್ತದೆ. ಸಾವಿಗೆ ಮಾತ್ರ ಕಾಯದೆ ಇತರ ವಿಭಾಗಗಳಲ್ಲೂ ತಿಂಗಳಿಗೊಮ್ಮೆ ಕೇಸ್ ಚರ್ಚೆ, ವರ್ಷಕ್ಕೆ ಪ್ರತಿ ತಜ್ಞರ ಆರು ನೇರ ವೀಕ್ಷಣೆ ಇಟ್ಟುಕೊಂಡರೆ, ಮೇಲಧಿಕಾರಿ ಬರೆಯುವ ವರದಿಗೂ ಆಧಾರ ಸಿಗುತ್ತದೆ. ವೈದ್ಯಕೀಯ ಕಾಲೇಜು ಮತ್ತು ದೊಡ್ಡ ಖಾಸಗಿ ಆಸ್ಪತ್ರೆಗಳಿಗೆ ಮಾತ್ರ ಸಹೋದ್ಯೋಗಿಗಳ ಪ್ರಶ್ನಾವಳಿಯನ್ನು ಗುಟ್ಟು ಕಾಪಾಡಿ ನಡೆಸುವಷ್ಟು ಜನಬಲವಿದೆ. ಅವರು ಅದನ್ನು ಐದು ವರ್ಷಕ್ಕೊಮ್ಮೆಯಾದರೂ ನಡೆಸಬೇಕು. ರೇಡಿಯಾಲಜಿ ಮತ್ತು ಪೆಥಾಲಜಿಯಲ್ಲಿ ಈ ಯಾವುದೂ ಬೇಡ: ಆಯ್ದ ಸ್ಕ್ಯಾನು, ಸ್ಲೈಡುಗಳನ್ನು ಮೊದಲ ವರದಿ ತೋರಿಸದೆ ಎರಡನೆಯವರಿಂದ ಓದಿಸಿದರೆ ಸಾಕು.

ಹೊಸದಾಗಿ ಸೇರಿದ ತಜ್ಞರಿಗೆ ಯಾವ ಶಸ್ತ್ರಕ್ರಿಯೆಗಳಿಗೆ ಅನುಮತಿ ಕೊಡಬೇಕೆಂಬ ಪಟ್ಟಿಯನ್ನು ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಆಸ್ಪತ್ರೆಗಳು ತಯಾರಿಸಲೇಬೇಕು. ಅದನ್ನು ಪ್ರಮಾಣಪತ್ರದ ಜೆರಾಕ್ಸ್ ನೋಡಿ ತುಂಬದೆ, ಮೊದಲ ಕೆಲವು ಕೇಸುಗಳಲ್ಲಿ ಓಟಿಯಲ್ಲಿ ಜೊತೆಗೆ ನಿಂತು ನೋಡಿ ತುಂಬಬೇಕು. ಇನ್ನು ದೂರು ಬಂದ ವೈದ್ಯರ ವಿಚಾರಣೆಯಲ್ಲಿ ಮೇಲಿನ ಯಾವುದೇ ಒಂದು ವಿಧಾನವನ್ನು ಮಾತ್ರ ನಂಬಬಾರದು. ಹೊರಗಿನ ಇಬ್ಬರು ಅದೇ ವಿಭಾಗದ ತಜ್ಞರು ಕೇಸ್ ಶೀಟುಗಳನ್ನು ಓದಿ, ಕೆಲಸವನ್ನು ನೋಡಿ, ವೈದ್ಯರ ಮಾತನ್ನೂ ಕೇಳಿ ಬರೆಯಬೇಕು.

ಕಾಗದ ಯಾರ ಬಳಿ ಇರಬೇಕೆಂಬುದು ಉಳಿಯಿತು. ವೈದ್ಯಕೀಯ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ಕೊಟ್ಟ ನಂತರ, ತಮ್ಮ ತಪ್ಪನ್ನು ಬರಹದಲ್ಲಿ ಒಪ್ಪಲು ವೈದ್ಯರು ಹಿಂಜರಿಯುತ್ತಾರೆ, ಆ ಹಿಂಜರಿಕೆಯನ್ನು ಬರೀ ಉಪದೇಶದಿಂದ ಹೋಗಲಾಡಿಸಲಾಗದು. ಆಸ್ಪತ್ರೆ ತನ್ನ ವಕೀಲರನ್ನು ಕೇಳಿ, ಸುಧಾರಣೆಗಾಗಿ ನಡೆಸುವ ಮೌಲ್ಯಮಾಪನದಲ್ಲಿ ಏನನ್ನು ಬರೆಯಬೇಕು, ರೋಗಿಯ ಗುರುತನ್ನು ಹೇಗೆ ತೆಗೆಯಬೇಕು, ಯಾರ ಬೀಗದ ಕೆಳಗೆ ಎಷ್ಟು ವರ್ಷ ಇಡಬೇಕು, ಆಡಳಿತ ಮಂಡಳಿಗೆ ಎಷ್ಟು ಮಾತ್ರ ತಿಳಿಸಬೇಕು ಎಂಬುದನ್ನು ಒಂದು ಪುಟದಲ್ಲಿ ಬರೆಸಿಕೊಳ್ಳಬೇಕು. ಆ ಪುಟವನ್ನು ಎಲ್ಲ ತಜ್ಞರ ಸಭೆಯಲ್ಲಿ ಓದಿ, ಅವರ ತಕರಾರುಗಳನ್ನು ಕೇಳಿ, ಬದಲಿಸಬೇಕಾದದ್ದನ್ನು ಬದಲಿಸಿದ ಮೇಲೆಯೇ ರೆಕಾರ್ಡ್ ರೂಮಿನಿಂದ ಮೊದಲ ಕೇಸ್ ಶೀಟ್ ತರಿಸಬೇಕು.